ಸರ್ವರಿನ ಪಹಣಿ ಯಾರ ಬಳಿ?

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಚಿಕ್ಕಬಳ್ಳಾಪುರ ದಾಟಿ ಗುಡಿಬಂಡೆಯ ಕಡೆಗೆ ತಿರುಗುವಲ್ಲಿ ಪೆರೇಸಂದ್ರ ಸಿಗುತ್ತದೆ. ಊರಿಗಿಂತ ಕ್ರಾಸ್ ಹೆಚ್ಚು ಹೆಸರಾದ ಜಾಗ. ಇಂಥ ಹೆದ್ದಾರಿ ಊರುಗಳಿಗೆ ಸುತ್ತಲಿನ ಹಳ್ಳಿಗಳವರು ಬರುವುದು ಬಸ್ಸು ಹಿಡಿಯಲಿಕ್ಕೆ ಮಾತ್ರವಲ್ಲ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಲ್ಲವೂ ಈಗ ಕಂಪ್ಯೂಟರ್ ಇರುವ ಕೌಂಟರಿನಲ್ಲೇ ಆಗಬೇಕು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಆ ಕೌಂಟರುಗಳಲ್ಲಿ ಯಾರಿಗೂ ಹೊಸತಲ್ಲ. 2023ರಲ್ಲಿ ಗ್ಯಾರಂಟಿ ಯೋಜನೆಗಳ ನೋಂದಣಿ ಶುರುವಾದಾಗ ಇಡೀ ರಾಜ್ಯ ಅದನ್ನು ಏಕಕಾಲಕ್ಕೆ ಕೇಳಿಸಿಕೊಂಡಿತು. ಕೂಲಿ ಬಿಟ್ಟು ಬಂದವರಿಗೆ ಅದು ಒಂದು ದಿನದ ದುಡಿಮೆಯ ನಷ್ಟ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಂಥ ಕಡೆ, ಇ–ಹರಾಜು ನಿಂತರೆ ಕಷ್ಟ ಇನ್ನೂ ಹೆಚ್ಚು. ಗೂಡು ಕಟ್ಟಿದ ಹತ್ತು–ಹನ್ನೆರಡು ದಿನಕ್ಕೆ ಚಿಟ್ಟೆ ಹೊರಬರುತ್ತದೆ, ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ರೈತನಿಗೆ ‘ನಾಳೆ’ಗಳ ಸಂಖ್ಯೆ ಸೀಮಿತ.

ಆ ಉತ್ತರದ ಹಿಂದೆ ಅನೇಕ ಕಾರಣಗಳಿರುತ್ತವೆ. ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿರಬಹುದು, ಕರೆಂಟ್ ಹೋಗಿರಬಹುದು, ಒಮ್ಮೆಗೇ ಲಕ್ಷಾಂತರ ಜನ ಮುಗಿಬಿದ್ದಿರಬಹುದು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ತಡವರಿಸಿದ್ದಕ್ಕೆ ನಕಲಿ ಕೋರಿಕೆಗಳನ್ನು ಸುರಿದ ದಾಳಿ ಕಾರಣವೆಂದು ಸರ್ಕಾರ ಹೇಳಿತ್ತು. ಇವೆಲ್ಲ ಕಣ್ಣಿಗೆ ಕಾಣುವ, ಹೇಳಿಕೆ ಕೊಡಬಹುದಾದ ಕಾರಣಗಳು. ಹೇಳಿಕೆಗೆ ಸಿಕ್ಕದ ಇನ್ನೊಂದು ಕಾರಣವಿದೆ. ನೂರಾರು ಸರ್ವರ್‌ಗಳ ಒಳಗಿನ ಜೋಡಣೆಯನ್ನು ಯಾರು ಮಾಡಿದರು, ಹೇಗೆ ಮಾಡಿದರು, ಅದು ಎಲ್ಲಿ ಬರೆದಿದೆ ಎಂಬುದು. ಒಂದು ಯಂತ್ರ ಕೆಟ್ಟಾಗ ಅದರ ಜಾಗಕ್ಕೆ ತದ್ರೂಪವಾದ ಇನ್ನೊಂದನ್ನು ಅರ್ಧ ಗಂಟೆಯಲ್ಲಿ ನಿಲ್ಲಿಸಬಹುದೇ, ಅಥವಾ ಅದನ್ನು ಮೊದಲು ಜೋಡಿಸಿದ ಎಂಜಿನಿಯರ್ ರಜೆಯಿಂದ ಮರಳುವವರೆಗೆ ಕಾಯಬೇಕೇ ಎಂಬುದು ಇದರ ಮೇಲೆ ನಿಂತಿದೆ.

ಶಾನುಭೋಗರ ಕಡತದಿಂದ ದತ್ತಾಂಶ ಕೇಂದ್ರಕ್ಕೆ

ಈ ನಾಡಿಗೆ ಈ ಪ್ರಶ್ನೆ ಹಳೆಯದೇ. ಊರಿನ ಜಮೀನಿನ ಲೆಕ್ಕ ಬಹುಕಾಲ ವಂಶಪಾರಂಪರ್ಯವಾಗಿ ಶಾನುಭೋಗರ ಕೈಯಲ್ಲಿತ್ತು. ಕಡತ ಸರ್ಕಾರದ್ದೇ ಆದರೂ ಅದನ್ನು ಓದುವ ವಿದ್ಯೆ, ಯಾವ ಹಾಳೆಯಲ್ಲಿ ಯಾವ ತಿದ್ದುಪಡಿ ಎಂಬ ನೆನಪು ಒಂದು ಮನೆತನದ್ದು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ಹಕ್ಕನ್ನು ಕೊನೆಗಾಣಿಸಿ ಲೆಕ್ಕವನ್ನು ಸಂಬಳದ ಗ್ರಾಮ ಲೆಕ್ಕಿಗರಿಗೆ ಒಪ್ಪಿಸಿತು. ನಂತರದ ನಾಲ್ಕು ದಶಕ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಪಹಣಿ ಉಳಿಯಿತು. ‘ಭೂಮಿ’ ಯೋಜನೆ ಈ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪ್ರತಿ ಪಡೆಯಬಹುದಾಯಿತು. ಜ್ಞಾನವನ್ನು ವ್ಯಕ್ತಿಯ ನೆನಪಿನಿಂದ ಬಿಡಿಸಿ ಸಾರ್ವಜನಿಕ ದಾಖಲೆಯಾಗಿಸಿದ್ದೇ ಆ ಯೋಜನೆಯ ನಿಜವಾದ ಸಾಧನೆ. ಕಂಪ್ಯೂಟರ್ ಅದಕ್ಕೊಂದು ಸಾಧನ ಮಾತ್ರ.

ಆದರೆ ‘ಭೂಮಿ’ ಆರಂಭದಲ್ಲಿ ನಡೆದದ್ದು ತಾಲ್ಲೂಕಿಗೊಂದು ಸರ್ವರ್‌ನಂತೆ. ಚಿಕ್ಕಬಳ್ಳಾಪುರಕ್ಕೊಂದು, ಗೌರಿಬಿದನೂರಿಗೊಂದು, ಚಿಂತಾಮಣಿಗೊಂದು, ಶಿಡ್ಲಘಟ್ಟಕ್ಕೊಂದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವ ಮೊದಲು ಇವೆಲ್ಲ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ರಾಜ್ಯದ ಇಂಥ ನೂರೆಪ್ಪತ್ತಕ್ಕೂ ಹೆಚ್ಚು ಯಂತ್ರಗಳಲ್ಲಿ ಒಂದು ತಿದ್ದುಪಡಿ ಆಗಬೇಕೆಂದರೆ ಅದು ಅಷ್ಟೂ ಕಡೆ ಪ್ರತ್ಯೇಕವಾಗಿ ಆಗಬೇಕಿತ್ತು. ಮುಂದೆ ದತ್ತಾಂಶವೆಲ್ಲ ಬೆಂಗಳೂರಿನ ಕೇಂದ್ರಕ್ಕೆ ಬಂದು ತಾಲ್ಲೂಕಿನ ಯಂತ್ರಗಳ ಭಾರ ಇಳಿಯಿತು. ಯಂತ್ರಗಳನ್ನು ಜೋಡಿಸಿ ನಿಲ್ಲಿಸುವ ಕೆಲಸ ಮಾತ್ರ ತಪ್ಪಲಿಲ್ಲ, ಒಂದೇ ಸೂರಿನಡಿ ಬಂತು. ಪಹಣಿಯ ಒಂದೊಂದು ತಿದ್ದುಪಡಿಗೂ ಮ್ಯುಟೇಷನ್ ಸಂಖ್ಯೆ ಕೇಳುವ ವ್ಯವಸ್ಥೆ, ಆ ಪಹಣಿಯನ್ನು ಹೊತ್ತ ಯಂತ್ರದ ತಿದ್ದುಪಡಿಗೆ ಏನು ಕೇಳುತ್ತದೆ? ಆ ಯಂತ್ರದ ಜೋಡಣೆ ಒಬ್ಬ ಗುತ್ತಿಗೆ ಎಂಜಿನಿಯರಿನ ತಲೆಯಲ್ಲೂ ಅವರ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲೂ ಇದ್ದರೆ, ಶಾನುಭೋಗಿಕೆ ಹೊಸ ವೇಷದಲ್ಲಿ ಮರಳಿದೆ ಎಂದೇ ಅರ್ಥ.

ಕೈಯಿಂದ ಮಾಡುವ ಕೆಲಸದ ಬೆಲೆ

ಕೈಯಿಂದ ಸರ್ವರ್ ಜೋಡಿಸುವುದರ ಅಪಾಯಕ್ಕೆ ಜಗತ್ತು ಮತ್ತೆ ಮತ್ತೆ ಹೇಳಿಕೊಳ್ಳುವ ಉದಾಹರಣೆ 2012ರ ಆಗಸ್ಟ್ 1ರದ್ದು. ಅಮೆರಿಕದ ಒಂದು ಷೇರು ವ್ಯಾಪಾರ ಸಂಸ್ಥೆ ತನ್ನ ಎಂಟು ಸರ್ವರ್‌ಗಳಿಗೆ ಹೊಸ ತಂತ್ರಾಂಶ ಹಾಕಬೇಕಿತ್ತು. ಏಳಕ್ಕೆ ಹಾಕಲಾಯಿತು, ಎಂಟನೆಯದು ಬಿಟ್ಟುಹೋಯಿತು. ಮಾರುಕಟ್ಟೆ ತೆರೆದಾಗ ಆ ಒಂದು ಯಂತ್ರದಲ್ಲಿ ವರ್ಷಗಳಿಂದ ಮಲಗಿದ್ದ ಹಳೆಯ ಕೋಡ್ ಎದ್ದು ತಪ್ಪು ಆರ್ಡರ್‌ಗಳನ್ನು ಕಳಿಸತೊಡಗಿತು. ಸುಮಾರು ಮುಕ್ಕಾಲು ಗಂಟೆಯಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಎಂಟೂ ಯಂತ್ರಗಳು ಒಂದೇ ಸ್ಥಿತಿಯಲ್ಲಿವೆಯೇ ಎಂದು ಇನ್ನೊಬ್ಬರು ನೋಡಬೇಕೆಂಬ ನಿಯಮ ಅಲ್ಲಿರಲಿಲ್ಲ ಎಂದು ನಂತರದ ತನಿಖೆ ಗುರುತಿಸಿತು.

ಇದಕ್ಕೆ ಪರಿಹಾರದ ಹುಡುಕಾಟ ಅದಕ್ಕಿಂತ ಎರಡು ದಶಕ ಹಿಂದೆಯೇ ಆರಂಭವಾಗಿತ್ತು. ನಾರ್ವೆಯ ಓಸ್ಲೊದಲ್ಲಿ 1993ರಲ್ಲಿ ಹುಟ್ಟಿದ ‘ಸಿಎಫ್ ಎಂಜಿನ್’, 2005ರ ‘ಪಪೆಟ್’, 2009ರ ‘ಶೆಫ್’, 2012ರ ‘ಆನ್ಸಿಬಲ್’ ಇವೆಲ್ಲ ಒಂದೇ ವಿಚಾರದ ಮುಂದುವರಿಕೆ. ಸರ್ವರ್‌ಗೆ ‘ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂದು ಹೇಳುವ ಬದಲು ‘ನೀನು ಕೊನೆಗೆ ಹೀಗಿರಬೇಕು’ ಎಂದು ಬರೆದಿಡುವುದು. ಈ ಸೇವೆ ಚಾಲೂ ಇರಬೇಕು, ಈ ಫೈಲಿನಲ್ಲಿ ಈ ಸಾಲು ಇರಬೇಕು, ಈ ಬಳಕೆದಾರ ಇರಕೂಡದು. ಹಾಗಿಲ್ಲದ ಯಂತ್ರವನ್ನು ಉಪಕರಣ ಸರಿಪಡಿಸುತ್ತದೆ. ಹಾಗೆಯೇ ಇರುವುದನ್ನು ಮುಟ್ಟದೆ ಮುಂದೆ ಹೋಗುತ್ತದೆ. ಹತ್ತು ಸಲ ಓಡಿಸಿದರೂ ಫಲ ಒಂದೇ. ಇವುಗಳಲ್ಲಿ ಆನ್ಸಿಬಲ್ ಬೇಗ ಹರಡಿದ್ದಕ್ಕೆ ಮುಖ್ಯ ಕಾರಣ ಅದರ ಸರಳತೆ. ನಿಯಂತ್ರಣಕ್ಕೆ ಒಳಪಡುವ ಯಂತ್ರದಲ್ಲಿ ಅದು ತನ್ನದೇ ಕಾವಲು ತಂತ್ರಾಂಶವನ್ನು ಕೂರಿಸುವುದಿಲ್ಲ. ಎಂಜಿನಿಯರುಗಳು ಮೊದಲಿನಿಂದಲೂ ಬಳಸುವ ಎಸ್‌ಎಸ್‌ಎಚ್ ಸಂಪರ್ಕ ಮತ್ತು ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಇದ್ದೇ ಇರುವ ಪೈಥಾನ್ ಅದಕ್ಕೆ ಸಾಕು.

ಒಂದು ಆಜ್ಞೆಯ ಹಿಂದಿನ ಉಗ್ರಾಣ

ಬರೆದಿಟ್ಟ ಮೇಲೆ ಅದನ್ನು ಹಂಚಿಕೊಳ್ಳುವ ಆಸೆ ಸಹಜ. ದತ್ತಸಂಚಯದ ಸರ್ವರ್ ಜೋಡಿಸುವ ಕ್ರಮ ಚಿಂತಾಮಣಿಯ ಕಾಲೇಜಿನಲ್ಲೂ ಜರ್ಮನಿಯ ಬ್ಯಾಂಕಿನಲ್ಲೂ ಹೆಚ್ಚು ಕಡಿಮೆ ಒಂದೇ. ಬದಲಾಗುವುದು ಹೆಸರು, ಪಾಸ್‌ವರ್ಡ್, ವಿಳಾಸಗಳು ಮಾತ್ರ. ಬದಲಾಗದ್ದನ್ನು ಒಂದು ಪ್ಯಾಕೇಜಿನಲ್ಲಿ ಕಟ್ಟಿ, ಬದಲಾಗುವುದನ್ನು ಹೊರಗಿಟ್ಟರೆ ಒಬ್ಬರ ಶ್ರಮ ಸಾವಿರ ಜನಕ್ಕೆ ಒದಗುತ್ತದೆ. ಪಪೆಟ್ ಇದನ್ನು ‘ಮಾಡ್ಯೂಲ್’ ಎಂದಿತು, ಶೆಫ್ ‘ಕುಕ್‌ಬುಕ್’ ಎಂದಿತು, ಆನ್ಸಿಬಲ್ ‘ರೋಲ್’ ಎಂದಿತು. 2013ರ ಕೊನೆಗೆ ಆನ್ಸಿಬಲ್ ಬಳಗ ‘ಗ್ಯಾಲಕ್ಸಿ’ ಎಂಬ ಸಾರ್ವಜನಿಕ ಉಗ್ರಾಣವನ್ನು ತೆರೆಯಿತು. ಕಮಾಂಡ್ ಲೈನಿನಲ್ಲಿ ‘ಆನ್ಸಿಬಲ್–ಗ್ಯಾಲಕ್ಸಿ’ ಎಂಬ ಆಜ್ಞೆ ಆ ಉಗ್ರಾಣದ ಬಾಗಿಲು.

ಆ ಆಜ್ಞೆಯ ಜೊತೆ ‘ಇನಿಟ್’ ಎಂದರೆ ಹೊಸ ರೋಲಿನ ಖಾಲಿ ಚೌಕಟ್ಟು ಸಿದ್ಧವಾಗುತ್ತದೆ. ಕೆಲಸಗಳಿಗೆ ‘ಟಾಸ್ಕ್ಸ್’, ಪೂರ್ವನಿಗದಿತ ಮೌಲ್ಯಗಳಿಗೆ ‘ಡಿಫಾಲ್ಟ್ಸ್’, ನಮೂನೆ ಫೈಲುಗಳಿಗೆ ‘ಟೆಂಪ್ಲೇಟ್ಸ್’, ಲೇಖಕರ ಹಾಗೂ ಅವಲಂಬನೆಗಳ ವಿವರಕ್ಕೆ ‘ಮೆಟಾ’ ಎಂದು ಫೋಲ್ಡರುಗಳ ವಿಂಗಡಣೆ. ಇಂದು ಎಲ್ಲರ ರೋಲೂ ಒಂದೇ ನಕ್ಷೆಯಲ್ಲಿರುವುದರಿಂದ ಬೇರೆಯವರು ಬರೆದದ್ದನ್ನು ತೆರೆದರೆ ಎಲ್ಲಿ ಏನಿದೆ ಎಂದು ತಡಕಾಡಬೇಕಿಲ್ಲ. ‘ಸರ್ಚ್’ ಹುಡುಕುತ್ತದೆ, ‘ಇನ್‌ಸ್ಟಾಲ್’ ತರಿಸುತ್ತದೆ, ‘ಲಿಸ್ಟ್’ ಇರುವುದನ್ನು ಪಟ್ಟಿಮಾಡುತ್ತದೆ, ‘ರಿಮೂವ್’ ತೆಗೆಯುತ್ತದೆ. 2019ರ ಅಕ್ಟೋಬರಿನಲ್ಲಿ ಬಂದ ಆನ್ಸಿಬಲ್ 2.9ರಿಂದ ರೋಲ್‌ಗಳ ಜೊತೆಗೆ ‘ಕಲೆಕ್ಷನ್’ ಎಂಬ ದೊಡ್ಡ ಪ್ಯಾಕೇಜು ನೆಲೆಯೂರಿತು. ಮರುವರ್ಷ ಆನ್ಸಿಬಲ್ಲಿನ ಮೂಲ ತಂತ್ರಾಂಶದೊಳಗೇ ಇದ್ದ, ಒಂದೊಂದು ಬಿಡಿ ಕೆಲಸ ಮಾಡುವ ಸಾವಿರಾರು ಮಾಡ್ಯೂಲ್‌ಗಳು ಹೊರಬಂದು ಕಲೆಕ್ಷನ್‌ಗಳಾಗಿ ಹಂಚಿಹೋದವು. ಮುಂಚೆ ಪ್ಯಾಕೇಜ್ ನಿರ್ವಹಣೆ ಬೇಕಾದವರ ಕಸುಬಾಗಿತ್ತು. ಅಲ್ಲಿಂದಾಚೆಗೆ ಅದು ಎಲ್ಲರ ಕರ್ತವ್ಯವಾಯಿತು.

ಚಿತ್ರ, ಗುಂಡಿಗಳಿರುವ ಪರದೆಯ ಬದಲು ಈ ಕಾಲದಲ್ಲೂ ಅಕ್ಷರ ಟೈಪಿಸುವ ಕಪ್ಪು ಪರದೆ ಏಕೆ ಎಂದು ಕೇಳುವವರಿದ್ದಾರೆ. ಗುಂಡಿ ಒತ್ತಿದ್ದಕ್ಕೆ ಕುರುಹು ಉಳಿಯುವುದಿಲ್ಲ. ಟೈಪಿಸಿದ ಸಾಲನ್ನು ಫೈಲಿನಲ್ಲಿ ಇಡಬಹುದು, ಇನ್ನೊಬ್ಬರಿಗೆ ಕಳಿಸಬಹುದು, ಆರು ತಿಂಗಳ ನಂತರ ಅದೇ ಸಾಲನ್ನು ಮತ್ತೆ ಓಡಿಸಬಹುದು. ಹಳೆಯ ಲ್ಯಾಪ್‌ಟಾಪ್, ನಿಧಾನದ ನೆಟ್ ಇದ್ದರೂ ಕೆಲಸ ನಡೆಯುತ್ತದೆ. ಬೆಳಗಿನ ರೈಲಿನಲ್ಲಿ ಗೌರಿಬಿದನೂರು, ಚಿಕ್ಕಬಳ್ಳಾಪುರಗಳಿಂದ ಬೆಂಗಳೂರಿನ ಕಂಪನಿಗಳಿಗೆ ಹೋಗಿಬರುವ ಯುವ ಎಂಜಿನಿಯರುಗಳಿಗೆ ಇದು ಸಣ್ಣ ಅನುಕೂಲವೇನಲ್ಲ.

ತರಿಸುವುದು ಸುಲಭ, ಲೆಕ್ಕ ಇಡುವುದು ಕಷ್ಟ

ತೊಡಕು ಶುರುವಾಗುವುದು ಈ ಸುಲಭದಿಂದಲೇ. ಆವೃತ್ತಿಯ ಸಂಖ್ಯೆ ಹೇಳದೆ ‘ಇನ್‌ಸ್ಟಾಲ್’ ಎಂದರೆ ಆ ಹೊತ್ತಿಗೆ ಲಭ್ಯವಿರುವ ಹೊಸತೇ ಬರುತ್ತದೆ. ಬಂದದ್ದು, ಬೇರೆ ಜಾಗ ಸೂಚಿಸದಿದ್ದರೆ, ಆಜ್ಞೆ ಕೊಟ್ಟವರ ಹೋಮ್ ಫೋಲ್ಡರಿನೊಳಗಿನ ಮರೆಯ ಜಾಗದಲ್ಲಿ ಕೂರುತ್ತದೆ. ಒಮ್ಮೆ ಕೂತ ರೋಲನ್ನು ಮತ್ತೆ ತರಿಸಲು ಹೋದರೆ ‘ಈಗಾಗಲೇ ಇದೆ’ ಎಂದು ಹೇಳಿ ಉಪಕರಣ ಸುಮ್ಮನಾಗುತ್ತದೆ. ‘ಫೋರ್ಸ್’ ಎಂದು ಸೇರಿಸಿದರಷ್ಟೇ ಬದಲಾಯಿಸುತ್ತದೆ. ಈ ಮೂರೂ ಒಟ್ಟಾದಾಗ ಏನಾಗುತ್ತದೆ ನೋಡಿ. ಎರಡು ವರ್ಷದಿಂದ ಕಚೇರಿಯಲ್ಲಿರುವವರ ಲ್ಯಾಪ್‌ಟಾಪಿನಲ್ಲಿ ಹಳೆಯ ರೋಲ್, ಕಳೆದ ವಾರ ಸೇರಿದವರ ಲ್ಯಾಪ್‌ಟಾಪಿನಲ್ಲಿ ಹೊಸ ರೋಲ್. ಇಬ್ಬರೂ ಒಂದೇ ಪ್ಲೇಬುಕ್ಕನ್ನು (ಯಾವ ಸರ್ವರಿಗೆ ಯಾವ ರೋಲ್ ಎಂದು ಹೇಳುವ ಫೈಲನ್ನು), ಒಂದೇ ಸರ್ವರ್‌ಗಳ ಮೇಲೆ, ಒಳ್ಳೆಯ ಉದ್ದೇಶದಿಂದಲೇ ಓಡಿಸುತ್ತಾರೆ. ಸರ್ವರ್ ಸೋಮವಾರ ಒಂದು ರೀತಿ, ಮಂಗಳವಾರ ಇನ್ನೊಂದು ರೀತಿ. ತಪ್ಪು ಯಾರದೆಂದು ಹುಡುಕುವವರಿಗೆ ಯಾರ ಬರವಣಿಗೆಯಲ್ಲೂ ದೋಷ ಕಾಣುವುದಿಲ್ಲ.

ಇದಕ್ಕೆ ಮದ್ದು ‘ರಿಕ್ವೈರ್‌ಮೆಂಟ್ಸ್’ ಎಂಬ ಒಂದು ಪಠ್ಯ ಫೈಲು. ಈ ಕೆಲಸಕ್ಕೆ ಯಾವ ಯಾವ ಪ್ಯಾಕೇಜು, ಪ್ರತಿಯೊಂದರ ನಿಖರ ಆವೃತ್ತಿ ಯಾವುದು, ಎಲ್ಲಿಂದ ತರಬೇಕು ಎಂಬುದನ್ನು ಅಲ್ಲಿ ಬರೆದು, ಅದನ್ನು ಗಿಟ್‌ನಂಥ ಇತಿಹಾಸ ಉಳಿಸುವ ಕಡತಕೋಶದಲ್ಲಿ ಇಡುವುದು. ಆಗ ಯಾರೇ ತರಿಸಿದರೂ ಒಂದೇ ಸರಕು ಬರುತ್ತದೆ, ಯಾವ ಆವೃತ್ತಿಯನ್ನು ಯಾರು ಯಾವ ದಿನ ಏಕೆ ಬದಲಾಯಿಸಿದರು ಎಂಬುದು ದಾಖಲಾಗುತ್ತದೆ. ಸರ್ವರಿನ ಪಹಣಿ ಎಂದರೆ ಇದೇ. ಇದರಲ್ಲೂ ಒಂದು ಬಿರುಕಿದೆ. ನಾವು ಹೆಸರಿಸಿದ ಪ್ಯಾಕೇಜಿಗೆ ಬೇಕಾದ ಬೇರೆ ಪ್ಯಾಕೇಜುಗಳನ್ನು ಉಪಕರಣ ತಾನೇ ತರುತ್ತದೆ, ಅವುಗಳ ಆವೃತ್ತಿಯನ್ನು ಆ ಕ್ಷಣದಲ್ಲಿ ತಾನೇ ಆರಿಸುತ್ತದೆ. ಶೆಫ್‌ನಲ್ಲಿ ಹೀಗೆ ಆರಿಸಿದ್ದನ್ನೆಲ್ಲ ಬೀಗ ಹಾಕಿಡುವ ಪ್ರತ್ಯೇಕ ಫೈಲು ಇತ್ತು. ಆನ್ಸಿಬಲ್ ಅಂಥದ್ದನ್ನು ತನ್ನಿಂದ ತಾನೇ ಬರೆಯುವುದಿಲ್ಲ. ಹಾಗಾಗಿ ಎಚ್ಚರವುಳ್ಳವರು ಪರೋಕ್ಷ ಅವಲಂಬನೆಗಳನ್ನೂ ಹುಡುಕಿ ತಮ್ಮ ಪಟ್ಟಿಯಲ್ಲಿ ಕೈಯಿಂದಲೇ ಬರೆದುಕೊಳ್ಳುತ್ತಾರೆ. ಬೇಸರದ ಕೆಲಸ, ಆದ್ದರಿಂದಲೇ ಬಹಳ ಕಡೆ ಆಗದ ಕೆಲಸ.

ಇನ್ನೊಂದು ಗ್ರಹಿಕೆಯ ದೋಷ ಹೊಸಬರಲ್ಲಿ ಮಾತ್ರವಲ್ಲ, ಮೇಲ್ವಿಚಾರಕರಲ್ಲೂ ಕಾಣುತ್ತದೆ. ‘ರಿಮೂವ್’ ಎಂದರೆ ರೋಲ್ ಹೋಗುವುದು ಆಜ್ಞೆ ಕೊಟ್ಟ ಯಂತ್ರದಿಂದ. ಅದು ನೂರು ಸರ್ವರ್‌ಗಳಲ್ಲಿ ತೆರೆದಿಟ್ಟ ಪೋರ್ಟ್, ಸೇರಿಸಿದ ಬಳಕೆದಾರ, ಬದಲಿಸಿದ ಫೈಲು ಅಲ್ಲೇ ಉಳಿಯುತ್ತವೆ. ಬೇಡವಾದದ್ದನ್ನು ತೆಗೆಯಲು ‘ಇದು ಇರಕೂಡದು’ ಎಂದು ಬರೆದು ಮತ್ತೆ ಓಡಿಸಬೇಕು.

ಮೊಟ್ಟೆಯ ಮೂಲ

ಪ್ಯಾಕೇಜಿನ ವಿಷಯದಲ್ಲಿ ಅತ್ಯಂತ ಗಂಭೀರ ಪ್ರಶ್ನೆ ನಂಬಿಕೆಯದು. ರೋಲ್‌ಗಳು ಸಾಮಾನ್ಯವಾಗಿ ಸರ್ವರಿನ ಪರಮಾಧಿಕಾರದೊಂದಿಗೆ ಓಡುತ್ತವೆ. ಅಪರಿಚಿತರು ಬರೆದ ಸಾಲುಗಳಿಗೆ ನಮ್ಮ ಎಲ್ಲ ಯಂತ್ರಗಳ ಬೀಗದಕೈಯನ್ನು ಒಮ್ಮೆಗೇ ಕೊಡುವ ವ್ಯವಹಾರ ಇದು. ರೇಷ್ಮೆ ಸೀಮೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಮೊಟ್ಟೆಯಿಂದ ಹುಳು ಎಬ್ಬಿಸುವ ನಾಜೂಕಿನ ಹಂತವನ್ನು ಅವರು ಚಾಕಿ ಕೇಂದ್ರಗಳಿಗೆ ಬಿಟ್ಟು, ಎರಡನೇ ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳುಗಳನ್ನು ತರುತ್ತಾರೆ. ಆದರೆ ಯಾವ ಮೊಟ್ಟೆಯಿಂದ ಬಂದ ಹುಳು ಎಂದು ಕೇಳದೆ ತರುವುದಿಲ್ಲ. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಪೆಬ್ರಿನ್ ರೋಗಾಣು ಕಂಡರೆ ಮೊಟ್ಟೆಯನ್ನೇ ನಾಶಪಡಿಸುವ ಕ್ರಮ 1860ರ ದಶಕದ ಫ್ರಾನ್ಸಿನಿಂದ ಬಂದು ಇಂದಿಗೂ ಉಳಿದಿದೆ. ಸಿದ್ಧ ಸರಕು ಕೊಳ್ಳುವುದರಲ್ಲಿ ತಪ್ಪಿಲ್ಲ, ಅದರ ತಾಯಿಯನ್ನು ಯಾರೋ ಪರೀಕ್ಷಿಸಿರಬೇಕು.

ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ದೂರವಿಲ್ಲ. 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟ್ ಜಗತ್ತಿನ ಒಬ್ಬ ಲೇಖಕ, ಹೆಸರಿನ ಜಗಳದಲ್ಲಿ ಬೇಸತ್ತು ತನ್ನ ಪ್ಯಾಕೇಜುಗಳನ್ನು ಉಗ್ರಾಣದಿಂದ ಹಿಂತೆಗೆದ. ಅವುಗಳಲ್ಲಿ ಒಂದು ಬರೀ 11 ಸಾಲಿನದು. ಅದನ್ನು ನೇರವಾಗಿ, ಪರೋಕ್ಷವಾಗಿ ನೆಚ್ಚಿದ್ದ ಅಸಂಖ್ಯ ಯೋಜನೆಗಳು ಕೆಲವು ಗಂಟೆ ನಿಂತವು. ಅಲ್ಲಿ ಕೇಡಿನ ಉದ್ದೇಶವಿರಲಿಲ್ಲ. 2024ರ ಮಾರ್ಚ್ 29ರಂದು ಬಯಲಾದದ್ದರಲ್ಲಿ ಉದ್ದೇಶವೇ ಕೇಡು. ಲಿನಕ್ಸಿನ ‘ಎಕ್ಸ್‌ಝಡ್’ ಎಂಬ ಸಂಕೋಚನ ತಂತ್ರಾಂಶದ ನಿರ್ವಹಣೆಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡುತ್ತ ವಿಶ್ವಾಸ ಗಳಿಸಿದ ಒಬ್ಬರು, ಎಸ್‌ಎಸ್‌ಎಚ್ ಸೇವೆಯೊಳಗೆ ನುಗ್ಗಲು ಕಳ್ಳದಾರಿಯನ್ನು ಸೇರಿಸಿದ್ದರು. ಆನ್ಸಿಬಲ್ ಓಡಾಡುವುದೂ ಅದೇ ದಾರಿಯಲ್ಲಿ. ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಅನುಮಾನಪಟ್ಟ ಒಬ್ಬ ಎಂಜಿನಿಯರಿನ ಹಟದಿಂದಾಗಿ ಅದು ವ್ಯಾಪಕವಾಗಿ ಹರಡುವ ಮುನ್ನ ಸಿಕ್ಕಿಬಿತ್ತು.

ಗ್ಯಾಲಕ್ಸಿಯಲ್ಲಿ ರೋಲ್ ಮತ್ತು ಕಲೆಕ್ಷನ್‌ಗಳ ನಡುವಿನ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ರೋಲ್‌ನ ವಿಷಯದಲ್ಲಿ ಗ್ಯಾಲಕ್ಸಿ ಕೇವಲ ಸೂಚಿಪಟ್ಟಿ. ಸರಕು ಬರುವುದು ಲೇಖಕರ ಗಿಟ್‌ಹಬ್ ಖಾತೆಯಿಂದ. ಕಲೆಕ್ಷನ್ ಉಗ್ರಾಣದಲ್ಲೇ ಇರುತ್ತದೆ, ಪ್ರತಿ ಫೈಲಿನ ಗಣಿತದ ಮುದ್ರೆಯೂ ಅದರೊಳಗಿರುತ್ತದೆ. ‘ವೆರಿಫೈ’ ಎಂಬ ಆಜ್ಞೆ ನಮ್ಮಲ್ಲಿರುವುದನ್ನು ಆ ಮುದ್ರೆಗಳೊಂದಿಗೆ ತಾಳೆ ನೋಡುತ್ತದೆ. 2022ರಲ್ಲಿ ಬಂದ 2.13ನೇ ಆವೃತ್ತಿಯಿಂದ ಡಿಜಿಟಲ್ ಸಹಿ ಪರಿಶೀಲಿಸುವ ಅವಕಾಶವೂ ಇದೆ. ಆದರೆ ಮುದ್ರೆ ಹೇಳುವುದು ‘ಇದು ದಾರಿಯಲ್ಲಿ ಬದಲಾಗಿಲ್ಲ’ ಎಂದಷ್ಟೇ. ಒಳಗಿರುವುದು ಒಳ್ಳೆಯದೇ ಎಂದು ಅದು ಹೇಳಲಾರದು. ಅದಕ್ಕೆ ಮನುಷ್ಯರು ಕೂತು ಓದಬೇಕು.

ಎರಡು ಪಕ್ಷಗಳು

ಈ ಕಾರಣಕ್ಕೇ ಅನುಭವಿಗಳಲ್ಲಿ ಒಂದು ಪಕ್ಷ ಹೊರಗಿನ ಪ್ಯಾಕೇಜುಗಳೇ ಬೇಡ ಎನ್ನುತ್ತದೆ. ಸಾರ್ವಜನಿಕ ಉಗ್ರಾಣದಲ್ಲಿ ಹತ್ತು ಬಗೆಯ ಲಿನಕ್ಸಿಗೆ ಹೊಂದುವಂತೆ ಬರೆದ ಸಾವಿರ ಸಾಲಿನ ರೋಲ್ ಸಿಗುತ್ತದೆ. ನಮಗೆ ಬೇಕಾದದ್ದು ಅದರಲ್ಲಿ ನಲವತ್ತು ಸಾಲು. ಉಳಿದುದನ್ನು ಓದುವ ಹೊತ್ತಿಗೆ ನಮ್ಮದನ್ನೇ ಬರೆಯಬಹುದು, ಬರೆದದ್ದು ನಮಗೆ ಅರ್ಥವಾಗಿಯೂ ಇರುತ್ತದೆ. ಲೇಖಕರು ಕೈಬಿಟ್ಟು ವರ್ಷಗಳಾದ ರೋಲ್‌ಗಳು ಉಗ್ರಾಣದಲ್ಲಿ ಧೂಳು ಹಿಡಿದು ಕೂತಿರುವುದೂ ಸುಳ್ಳಲ್ಲ. ಈ ವಾದವನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ.

ಇನ್ನೊಂದು ಪಕ್ಷದ ಮಾತಿಗೂ ತೂಕವಿದೆ. ಸಣ್ಣ ತಂಡಗಳು ತಮ್ಮದೇ ಬರೆದುಕೊಂಡರೆ ಅದನ್ನು ಓದಿ ತಿದ್ದುವವರು ಇಬ್ಬರೋ ಮೂವರೋ. ಜಗತ್ತು ಬಳಸುವ ಕಲೆಕ್ಷನ್‌ನಲ್ಲಿ ತಪ್ಪಿದ್ದರೆ ಅದನ್ನು ಬೇರೆ ಯಾರೋ ಮೊದಲೇ ಎಡವಿ ಕಂಡುಹಿಡಿದಿರುತ್ತಾರೆ. 2021ರ ಡಿಸೆಂಬರಿನಲ್ಲಿ ‘ಲಾಗ್4ಜೆ’ ಎಂಬ ತಂತ್ರಾಂಶ ಬಿಡಿಭಾಗದ ದೋಷ ಹೊರಬಿದ್ದಾಗ, ತಮ್ಮ ಯಾವ ಯಂತ್ರದಲ್ಲಿ ಏನಿದೆ ಎಂಬ ಪಟ್ಟಿ ಇದ್ದವರು ಕೂಡಲೇ ತೇಪೆ ಹಾಕಲು ತೊಡಗಿದರು. ಪಟ್ಟಿ ಇಲ್ಲದವರು ಮೊದಲು ಹುಡುಕಾಟಕ್ಕೇ ಇಳಿಯಬೇಕಾಯಿತು. ನಮ್ಮ ದೇಶದ ನಿಯಮಗಳೂ ನಿಧಾನವಾಗಿ ಇದೇ ದಿಕ್ಕಿಗೆ ಹೊರಳಿವೆ. 2015ರ ನೀತಿ ಕೇಂದ್ರ ಸರ್ಕಾರದ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಟ್ಟಿತು. 2022ರ ಏಪ್ರಿಲ್ 28ರ ನಿರ್ದೇಶನ ಸೈಬರ್ ಅವಘಡವನ್ನು ಆರು ಗಂಟೆಯೊಳಗೆ ವರದಿ ಮಾಡಬೇಕೆಂದೂ ದಾಖಲೆಗಳನ್ನು 180 ದಿನ ಉಳಿಸಬೇಕೆಂದೂ ವಿಧಿಸಿತು. 2024ರ ಅಕ್ಟೋಬರಿನ ಮಾರ್ಗಸೂಚಿ, ತಂತ್ರಾಂಶದೊಳಗಿನ ಬಿಡಿಭಾಗಗಳ ಪಟ್ಟಿ ಇಡಬೇಕೆಂದು ಸರ್ಕಾರಿ ಹಾಗೂ ಸಾರ್ವಜನಿಕ ವಲಯಕ್ಕೆ ಸೂಚಿಸಿತು. ತನ್ನ ಸರ್ವರ್‌ಗಳನ್ನು ಯಾವ ಆವೃತ್ತಿಯ ಯಾವ ಪ್ಯಾಕೇಜು ರೂಪಿಸಿದೆ ಎಂದು ಹೇಳಲಾಗದ ಸಂಸ್ಥೆ ಈ ಮಾರ್ಗಸೂಚಿಯನ್ನು ಪಾಲಿಸುವುದು ಕಷ್ಟ.

ಎರಡನ್ನೂ ತೂಗಿದಾಗ ನಡುವಿನ ದಾರಿಯೇ ಸರಿ ಎಂದು ತೋರುತ್ತದೆ, ಆದರೆ ಅದು ಅಗ್ಗದ ದಾರಿಯಲ್ಲ. ಹೊರಗಿನ ಪ್ಯಾಕೇಜು ಬರಲಿ. ನೇರವಾಗಿ ಸರ್ವರಿಗೆ ಬಾರದೆ ಸಂಸ್ಥೆಯ ಸ್ವಂತ ಉಗ್ರಾಣಕ್ಕೆ ಬರಲಿ. ಕಲೆಕ್ಷನ್‌ಗಳನ್ನು ಅವಲಂಬನೆಗಳ ಸಮೇತ ಗಂಟುಕಟ್ಟಿ ಇಳಿಸಿಕೊಳ್ಳುವ ‘ಡೌನ್‌ಲೋಡ್’ ಆಜ್ಞೆ ಇರುವುದು, ಇಂಟರ್ನೆಟ್ ಸೋಂಕದ ದತ್ತಾಂಶ ಕೇಂದ್ರಗಳಿಗೂ ಅವನ್ನು ಒಯ್ಯಲಿಕ್ಕೆ. ಅಲ್ಲಿ ಒಬ್ಬರು ಓದಲಿ, ಪ್ರಾಯೋಗಿಕ ಯಂತ್ರದ ಮೇಲೆ ಓಡಿಸಲಿ, ಏನೂ ಬದಲಿಸದೆ ಏನು ಬದಲಾಗಬಹುದೆಂದು ತೋರಿಸುವ ‘ಚೆಕ್’ ಬಗೆಯಲ್ಲಿ ನಿಜವಾದ ಸರ್ವರ್‌ಗಳ ಮೇಲೂ ನೋಡಲಿ, ಆಮೇಲೆ ಆವೃತ್ತಿಯ ಸಂಖ್ಯೆ ಪಟ್ಟಿಗೆ ಏರಲಿ. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಓದುವುದನ್ನೇ ಕೆಲಸವೆಂದು ಪರಿಗಣಿಸಿ ಸಂಬಳ ಕೊಡುವ ಮನಸ್ಸು. ಹೊಸ ಸರ್ವರ್ ಕೊಳ್ಳುವ ಪ್ರಸ್ತಾವಕ್ಕೆ ಸಿಗುವ ಮಂಜೂರಾತಿ ಇಂಥ ಹುದ್ದೆಗೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಗುತ್ತಿಗೆ ಮುಗಿಯುವ ದಿನ

ಸಾರ್ವಜನಿಕ ಸೇವೆಗಳಲ್ಲಿ ಈ ಶಿಸ್ತಿನ ಪರೀಕ್ಷೆ ನಡೆಯುವುದು ಗುತ್ತಿಗೆ ಕೈಬದಲಾಗುವಾಗ. ತಂತ್ರಾಂಶ ನಿರ್ವಹಣೆ ಕೆಲವು ವರ್ಷಗಳ ಗುತ್ತಿಗೆಯ ಮೇಲೆ ನಡೆಯುತ್ತದೆ. ಹಳೆಯವರು ಹೋಗುವಾಗ ಯಂತ್ರಗಳನ್ನು ಎಣಿಸಿ ಒಪ್ಪಿಸುತ್ತಾರೆ, ಪಾಸ್‌ವರ್ಡುಗಳ ಪಟ್ಟಿ ಕೊಡುತ್ತಾರೆ. ಅವುಗಳನ್ನು ಜೋಡಿಸಿದ ಪ್ಲೇಬುಕ್, ರೋಲ್, ಆವೃತ್ತಿಗಳ ಪಟ್ಟಿ ಯಾರ ಸೊತ್ತು ಎಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ ಹೊಸಬರು ಓಡುತ್ತಿರುವ ಯಂತ್ರವನ್ನು ನೋಡಿ ಅದರ ಇತಿಹಾಸವನ್ನು ಊಹಿಸಬೇಕಾಗುತ್ತದೆ. ಆ ಊಹೆಯ ತಿಂಗಳುಗಳಲ್ಲಿ ಕೌಂಟರಿನ ಉತ್ತರ ಏನಿರುತ್ತದೆಂದು ಹೇಳಬೇಕಿಲ್ಲ.

ಆದ್ದರಿಂದ ಟೆಂಡರಿನ ಷರತ್ತುಗಳಲ್ಲಿ ಎರಡು ಅಂಶ ಸ್ಪಷ್ಟವಾಗಿ ಇರಬೇಕೆಂದು ಕೇಳುವುದು ಅತಿಯಲ್ಲ. ಸರ್ವರ್‌ಗಳನ್ನು ರೂಪಿಸುವ ಎಲ್ಲ ಬರವಣಿಗೆಯೂ ಅದರ ತಿದ್ದುಪಡಿ ಇತಿಹಾಸದ ಸಮೇತ ಇಲಾಖೆಯ ಕಡತಕೋಶದಲ್ಲಿಯೇ ಇರಬೇಕು, ಗುತ್ತಿಗೆದಾರರ ಖಾತೆಯಲ್ಲಲ್ಲ. ವರ್ಷಕ್ಕೊಮ್ಮೆ ಒಂದು ಸರ್ವರನ್ನು ಖಾಲಿ ಯಂತ್ರದಿಂದ, ಅದನ್ನು ಬರೆಯದ ತಂಡದವರು, ಆ ಬರವಣಿಗೆಯನ್ನಷ್ಟೇ ನೆಚ್ಚಿ ಮರಳಿ ನಿಲ್ಲಿಸಿ ತೋರಿಸಬೇಕು. ಹಿಡಿದ ಸಮಯ ದಾಖಲಾಗಬೇಕು. ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯಲು ಈ ಫೈಲುಗಳಲ್ಲಿ ಯಾವ ತಾಂತ್ರಿಕ ಅಡ್ಡಿಯೂ ಇಲ್ಲ, ಹೆಸರುಗಳು ಮತ್ತು ಆಜ್ಞೆಗಳು ಇಂಗ್ಲಿಷಿನಲ್ಲಿದ್ದರೂ ‘ಈ ಸಾಲು ಏಕೆ’ ಎಂಬುದನ್ನು ನಮ್ಮ ನುಡಿಯಲ್ಲೇ ಬರೆದಿಡಬಹುದು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಅಂಥ ಒಂದು ಮರುಜೋಡಣೆಯನ್ನು ಯೋಜನಾ ಕೆಲಸವಾಗಿ ಕೊಡುವುದರಿಂದಲೂ ಇದನ್ನು ಆರಂಭಿಸಬಹುದು.